ಪರಿಚಯವೆಂಬ ಬಾಗಿಲು: ವಿಜ್ಞಾನದ ಒಡನಾಟದಲ್ಲಿ ಹೆಣ್ಣುಮಕ್ಕಳ ಜಾಗ

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಡಬ್ಲಿನ್‌ನ ಗ್ರ್ಯಾಂಡ್ ಕೆನಾಲ್ ಸ್ಕ್ವೇರ್‌ಗೆ ಹೋದರೆ, ಓರೆಯಾಗಿ ನೆಟ್ಟ ಕೆಂಪು ಕಂಬಗಳ ನಡುವೆ ಹಾದು ನೀರಿನಂಚಿಗೆ ಬರಬೇಕು. ಕತ್ತಲಾದ ಮೇಲೆ ಬೆಳಗುವ ಈ ಕಂಬಗಳ ಚೌಕವನ್ನು ರೂಪಿಸಿದವರು ಅಮೆರಿಕದ ವಿನ್ಯಾಸಕಿ ಮಾರ್ಥಾ ಶ್ವಾರ್ಟ್ಸ್. ಊಟದ ಹೊತ್ತಿಗೆ ಸುತ್ತಲ ಗಾಜಿನ ಕಟ್ಟಡಗಳಿಂದ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು ಮೂರು ನಾಲ್ಕು ಮಂದಿಯ ಗುಂಪು ಕಟ್ಟಿಕೊಂಡು ಇಳಿದು ಬರುತ್ತಾರೆ. ಹತ್ತಾರು ಭಾಷೆಗಳ ಗದ್ದಲದಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ: “ಗುರೂ, ನಿಮ್ ಟೀಮಲ್ಲಿ ಓಪನಿಂಗ್ ಇದ್ಯಾ?” “ರೆಸ್ಯೂಮೆ ಕಳ್ಸು ಮಗಾ, ರೆಫರ್ ಮಾಡ್ತೀನಿ.”

ಅರ್ಧ ನಿಮಿಷದ ಮಾತು. ಅಷ್ಟರಲ್ಲಿ ಒಂದು ಬಾಗಿಲು ತೆರೆದುಕೊಂಡಿತು. ಕೆಲಸ ಖಾಲಿ ಇರುವ ಸುದ್ದಿ ಪ್ರಕಟಣೆಗೆ ಮೊದಲೇ ಒಬ್ಬರ ಕಿವಿ ಸೇರಿತು, ಅವರ ಅರ್ಜಿಗೆ ಒಳಗಿನವರೊಬ್ಬರ ಹೆಸರೂ ಅಂಟಿಕೊಂಡಿತು. ‘ಗುರೂ’, ‘ಮಗಾ’ ಎನ್ನುವ ಸಲುಗೆಯ ಮಾತುಗಳನ್ನು ಈಗೀಗ ಹುಡುಗಿಯರೂ ಆಡುತ್ತಾರೆ, ನಿಜ. ಆದರೆ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಮಲಗಿದ, ರಾತ್ರಿ ಹನ್ನೊಂದಕ್ಕೆ ಟೀ ಅಂಗಡಿಗೆ ಒಟ್ಟಿಗೆ ಹೋದ ಗೆಳೆತನದಿಂದ ಬರುವ ಆ ‘ಮಗಾ’ ಹೆಣ್ಣುಮಕ್ಕಳ ಪಾಲಿಗೆ ಅಷ್ಟು ಸುಲಭಕ್ಕೆ ಬಂದದ್ದಲ್ಲ. ವಿಜ್ಞಾನದಲ್ಲಿ ಯಾರು ಯಾರ ಜೊತೆ ಸೇರಿ ಕೆಲಸ ಮಾಡುತ್ತಾರೆ, ಯಾರ ಹೆಸರು ಪ್ರಬಂಧದ ಮೇಲೆ ಬರುತ್ತದೆ, ಪೇಟೆಂಟ್ ಯಾರಿಗೆ ಸಿಗುತ್ತದೆ ಎಂಬ ದೊಡ್ಡ ಪ್ರಶ್ನೆಗಳ ಬೇರು ಇಂಥ ಸಣ್ಣ ಮಾತುಗಳಲ್ಲಿದೆ.

ಕಾಲುವೆಯ ಕಟ್ಟೆ

ಈ ಚೌಕ ಇರುವ ಗ್ರ್ಯಾಂಡ್ ಕೆನಾಲ್ ಡಾಕ್ ತೆರೆದದ್ದು 1796ರ ಏಪ್ರಿಲ್‌ನಲ್ಲಿ. ವಿಲಿಯಂ ಜೆಸಪ್ ಅದರ ಎಂಜಿನಿಯರ್. ಲಿಫಿ ನದಿಯ ದಕ್ಷಿಣ ದಂಡೆಯಲ್ಲಿ ಕಾಲುವೆ ಬಂದು ಸೇರುವ ಈ ಕಟ್ಟೆಯ ಸುತ್ತ ಮುಂದೆ ಹಿಟ್ಟಿನ ಗಿರಣಿಗಳೂ ಅನಿಲದ ಕಾರ್ಖಾನೆಯೂ ಬೆಳೆದವು. ಇಪ್ಪತ್ತನೆಯ ಶತಮಾನದಲ್ಲಿ ಸರಕು ಸಾಗಣೆ ನಿಂತು ಇಡೀ ಪ್ರದೇಶ ಹಾಳು ಬಿತ್ತು. 1997ರಲ್ಲಿ ಹುಟ್ಟಿದ ಡಬ್ಲಿನ್ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ಪ್ರಾಧಿಕಾರ ವಿಷವೇರಿದ್ದ ಮಣ್ಣನ್ನು ಶುಚಿಗೊಳಿಸಿ ಅದನ್ನು ಮತ್ತೆ ಕಟ್ಟಿಸಿತು. 2003ರಲ್ಲಿ ಡಬ್ಲಿನ್‌ಗೆ ಬಂದ ಗೂಗಲ್ ಇಲ್ಲಿನ ಬ್ಯಾರೋ ಸ್ಟ್ರೀಟ್‌ನಲ್ಲಿ ನೆಲೆಯೂರಿತು. ಅದರ ಬೆನ್ನಿಗೆ ಬೇರೆ ಕಂಪನಿಗಳೂ ಬಂದು, ಈ ಜಾಗಕ್ಕೆ ‘ಸಿಲಿಕಾನ್ ಡಾಕ್ಸ್’ ಎಂಬ ಅಡ್ಡಹೆಸರು ಬಿತ್ತು. 2018ರಲ್ಲಿ ಟ್ರಿನಿಟಿ ಕಾಲೇಜು ಮತ್ತು ಐರಿಷ್ ಸರ್ಕಾರ ಇಲ್ಲೊಂದು ‘ಇನ್ನೊವೇಷನ್ ಡಿಸ್ಟ್ರಿಕ್ಟ್’ ಕಟ್ಟುವ ಯೋಜನೆಯನ್ನು ಪ್ರಕಟಿಸಿದವು.

ಇಂಥ ಯೋಜನೆಗಳ ಹಿಂದೆ ಒಂದು ನಂಬಿಕೆ ಇದೆ. ವಿಜ್ಞಾನಿ, ಎಂಜಿನಿಯರ್, ಹಣ ಹೂಡುವವರು ಒಂದೇ ಬೀದಿಯಲ್ಲಿ ಓಡಾಡಿದರೆ ಅಕಸ್ಮಾತ್ ಭೇಟಿಯಾಗುತ್ತಾರೆ, ಭೇಟಿಯಿಂದ ಹೊಸದು ಹುಟ್ಟುತ್ತದೆ. ನಂಬಿಕೆ ಸುಳ್ಳಲ್ಲ. ಆದರೆ ಅಕಸ್ಮಾತ್ ಭೇಟಿಯಾಗಲು ಪುರುಸೊತ್ತು ಬೇಕು. ನಮ್ಮ ಊರುಗಳ ಅರಳಿಕಟ್ಟೆಯನ್ನು ನೆನೆಸಿಕೊಳ್ಳಿ. ಅದು ಎಲ್ಲರ ಕಟ್ಟೆಯೇ, ಯಾರನ್ನೂ ಬರಬೇಡಿ ಎಂದವರಿಲ್ಲ. ಆದರೂ ಸಂಜೆ ಅಲ್ಲಿ ಕೂತು ಊರಿನ ವ್ಯವಹಾರ ತೀರ್ಮಾನಿಸುತ್ತಿದ್ದವರು ಗಂಡಸರು. ಆ ಹೊತ್ತಿಗೆ ಹೆಂಗಸರು ಒಲೆಯ ಮುಂದೆ ಇರುತ್ತಿದ್ದರು.

ವಶೀಲಿ ಬೇರೆ, ಒಡನಾಟ ಬೇರೆ

ಸಂಪರ್ಕಜಾಲ ಎಂದ ಕೂಡಲೇ ನಮ್ಮಲ್ಲಿ ‘ವಶೀಲಿ’ ಎಂಬ ಮಾತು ನೆನಪಾಗುತ್ತದೆ. ವಶೀಲಿಯಲ್ಲಿ ತಪ್ಪು ಮಾಡುತ್ತಿದ್ದೇವೆ ಎಂಬುದು ಮಾಡುವವರಿಗೆ ಗೊತ್ತಿರುತ್ತದೆ. ಒಡನಾಟದ ಜಾಲ ಹಾಗಲ್ಲ. ಅಲ್ಲಿ ಯಾರೂ ಯಾರಿಗೂ ಅನ್ಯಾಯ ಮಾಡಹೊರಟಿರುವುದಿಲ್ಲ. ತನಗೆ ಗೊತ್ತಿರುವವರ ಹೆಸರು ಮೊದಲು ನೆನಪಾಗುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಇದೇ ಹೆಚ್ಚು ಕಷ್ಟದ ಸಂಗತಿ, ಏಕೆಂದರೆ ತಪ್ಪಿತಸ್ಥರು ಸಿಗದ ಕಡೆ ತಿದ್ದಬೇಕಾದ್ದೂ ಕಣ್ಣಿಗೆ ಕಾಣದು.

ಸಮಾಜಶಾಸ್ತ್ರ ಇಲ್ಲಿ ಎರಡು ವಿಷಯ ಕಂಡುಕೊಂಡಿದೆ. ಮೊದಲನೆಯದು, ಮನುಷ್ಯರು ತಮ್ಮಂಥವರೊಂದಿಗೇ ಹೆಚ್ಚು ಕಲೆಯುತ್ತಾರೆ: ಒಂದೇ ಊರು, ಒಂದೇ ಕಾಲೇಜು, ಒಂದೇ ಲಿಂಗ. ಗಂಡಸರೇ ತುಂಬಿದ ಕ್ಷೇತ್ರದಲ್ಲಿ ಈ ಗುಣ ಗಂಡಸರಿಗೆ ಒಳ್ಳೆಯ ಪರಿಚಯಗಳನ್ನು ಕೊಡುತ್ತದೆ. ಹೆಂಗಸರಿಗೆ ಆಪ್ತ ಗೆಳತಿಯರನ್ನು ಕೊಡುತ್ತದೆ, ಆದರೆ ಅಧಿಕಾರ ಇರುವವರಿಂದ ದೂರ ಇಡುತ್ತದೆ. ಎರಡನೆಯದನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದರು. ಹೊಸ ಅವಕಾಶದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯದವರಿಂದ ಬರುತ್ತದೆ, ಏಕೆಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಈ ದೂರದ ಪರಿಚಯಗಳು ಹುಟ್ಟುವುದು ಸಮ್ಮೇಳನದ ರಾತ್ರಿಯೂಟದಲ್ಲಿ, ಕೆಲಸ ಮುಗಿದ ಮೇಲಿನ ಪಬ್ಬಿನಲ್ಲಿ, ಪ್ರಯಾಣದಲ್ಲಿ. ಮನೆಯ ಕಡೆ ಓಡಬೇಕಾದವರಿಗೆ ಮೊದಲು ತಪ್ಪಿಹೋಗುವುದೂ ಅವೇ.

ಬೋಲಂಡ್ಸ್‌ನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ

ಗ್ರ್ಯಾಂಡ್ ಕೆನಾಲ್ ಕಟ್ಟೆಗೆ ಇನ್ನೊಂದು ಇತಿಹಾಸವಿದೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಬೋಲಂಡ್ಸ್ ಬೇಕರಿ ಮತ್ತು ಅದರ ಸುತ್ತಲ ಜಾಗವನ್ನು ಹಿಡಿದಿದ್ದ ದಳದ ನಾಯಕ ಏಮನ್ ಡಿ ವೆಲೆರಾ. ಡಬ್ಲಿನ್‌ನ ಬೇರೆ ಠಾಣೆಗಳಲ್ಲಿ ‘ಕಮನ್ ನ ಮಾನ್’ ಮಹಿಳಾ ಸಂಘಟನೆಯವರು ಹೋರಾಟದಲ್ಲಿ ಪಾಲ್ಗೊಂಡರು. ಡಿ ವೆಲೆರಾ ಮಾತ್ರ ತನ್ನ ಠಾಣೆಗೆ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಅದೇ ಬೋಲಂಡ್ಸ್ ಕಂಪನಿಯ ಹಳೆಯ ಹಿಟ್ಟಿನ ಗಿರಣಿಯ ಜಾಗ ಇಂದು ನೀರಿನಂಚಿನಲ್ಲಿ ಗೂಗಲ್‌ನ ಆಸ್ತಿ.

ಮುಂದೆ ಡಿ ವೆಲೆರಾ ದೇಶದ ನಾಯಕರಾದರು. 1937ರಲ್ಲಿ ಅವರ ಮುಂದಾಳತ್ವದಲ್ಲಿ ಬಂದ ಸಂವಿಧಾನದ 41.2ನೆಯ ವಿಧಿ ಮನೆಯೊಳಗಿನ ಹೆಣ್ಣಿನ ಬದುಕು ದೇಶಕ್ಕೆ ಆಧಾರ ಎಂದು ಹೇಳಿ, ಆರ್ಥಿಕ ಒತ್ತಡದಿಂದ ತಾಯಂದಿರು ಮನೆಯ ಹೊಣೆ ಬಿಟ್ಟು ದುಡಿಯಲು ಹೋಗುವಂತಾಗದಿರಲು ಸರ್ಕಾರ ಪ್ರಯತ್ನಿಸಬೇಕು ಎಂದಿತು. ಸರ್ಕಾರಿ ನೌಕರಿಯ ಹೆಣ್ಣುಮಗಳು ಮದುವೆಯಾದರೆ ರಾಜೀನಾಮೆ ಕೊಡಬೇಕೆಂಬ ನಿಯಮ 1973ರವರೆಗೆ ಜಾರಿಯಲ್ಲಿತ್ತು. ಇದನ್ನು ಸಂಬಳದ ಪ್ರಶ್ನೆಯಾಗಿ ಮಾತ್ರ ನೋಡಿದರೆ ಸಾಲದು. ಒಂದು ಪೀಳಿಗೆಯ ಹೆಂಗಸರು ಇಪ್ಪತ್ತೈದು ಇಪ್ಪತ್ತೆಂಟರ ವಯಸ್ಸಿಗೆ ಕೆಲಸ ಬಿಟ್ಟರೆ, ಮುಂದಿನ ಪೀಳಿಗೆಯ ಹುಡುಗಿಗೆ ಶಿಫಾರಸು ಪತ್ರ ಬರೆಯಲು ನಲವತ್ತೈದರ ಹೆಂಗಸು ಆ ಕಚೇರಿಯಲ್ಲಿ, ಆ ಪ್ರಯೋಗಾಲಯದಲ್ಲಿ ಇರುವುದಿಲ್ಲ. ಕೊಂಡಿ ಅಲ್ಲೇ ಕಡಿಯುತ್ತದೆ. 41.2ನೆಯ ವಿಧಿಯನ್ನು ಬದಲಿಸಲು 2024ರ ಮಾರ್ಚ್ 8ರಂದು ನಡೆದ ಜನಮತಗಣನೆ ಸೋತಿತು. ಮುಂದಿಟ್ಟ ಹೊಸ ಪದಗಳ ಬಗ್ಗೆ ಜನರಿಗೆ ಬೇರೆ ಬೇರೆ ತಕರಾರುಗಳಿದ್ದವು. ಹಳೆಯ ಸಾಲುಗಳು ಹಾಗೆಯೇ ಉಳಿದವು.

ಇದೇ ಡಿ ವೆಲೆರಾ ಗಣಿತದ ಮೇಷ್ಟ್ರು. 1940ರಲ್ಲಿ ಅವರು ಡಬ್ಲಿನ್ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡೀಸ್ ಸ್ಥಾಪಿಸಿದರು; ನಾತ್ಸಿಗಳಿಂದ ತಪ್ಪಿಸಿಕೊಂಡಿದ್ದ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್‌ರನ್ನು ಅದಕ್ಕೆಂದೇ ಕರೆತಂದಿದ್ದರು. ಆ ಸಂಸ್ಥೆಯ ಒಡನಾಟದಲ್ಲಿ ಬೆಳೆದವರಲ್ಲಿ ಗಾಲ್ವೇಯ ಶೀಲಾ ಟಿನ್ನಿ ಒಬ್ಬರು. ಎಡಿನ್‌ಬರೊದಲ್ಲಿ ಮ್ಯಾಕ್ಸ್ ಬಾರ್ನ್ ಮಾರ್ಗದರ್ಶನದಲ್ಲಿ 1941ರಲ್ಲಿ ಪಿಎಚ್‌.ಡಿ. ಮುಗಿಸಿ ಬಂದಿದ್ದ ಗಣಿತಜ್ಞೆ. 1785ರಲ್ಲಿ ಹುಟ್ಟಿದ ರಾಯಲ್ ಐರಿಷ್ ಅಕಾಡೆಮಿ ಹೆಂಗಸರನ್ನು ಸದಸ್ಯರನ್ನಾಗಿ ಆರಿಸಿದ್ದು 1949ರಲ್ಲಿ, ಮೊದಲ ಬಾರಿಗೆ, ನಾಲ್ವರನ್ನು. ಟಿನ್ನಿ ಅವರಲ್ಲಿ ಒಬ್ಬರು. ನೂರಾ ಅರವತ್ತು ವರ್ಷ ಅಲ್ಲಿ ನಡೆದ ಮಾತುಕತೆಗಳನ್ನು ಹೆಂಗಸರು ಹೊರಗಿನಿಂದಲೇ ಕೇಳಬೇಕಿತ್ತು.

ರಾಮನ್ ಲ್ಯಾಬಿನ ಗೋಡೆ

ಬೆಂಗಳೂರಿನ ಕಥೆಯೂ ಅದೇ ಕಾಲದ್ದು. ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅರ್ಜಿ ಹಾಕಿದರು. ಆಕೆಯ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಅಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಗಂಡುಹುಡುಗನಾಗಿದ್ದರೆ ಇದಕ್ಕಿಂತ ಗಟ್ಟಿ ಪರಿಚಯ ಬೇಕಿರಲಿಲ್ಲ. ನಿರ್ದೇಶಕ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಒಲ್ಲೆ ಎಂದರು. ಕಮಲಾ ಗಾಂಧಿಯ ದಾರಿ ಹಿಡಿದು ಅಲ್ಲೇ ಪಟ್ಟು ಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನಿಂದ ಒಳಗೆ ಬಿಟ್ಟರು. ಗಂಡಸು ವಿದ್ಯಾರ್ಥಿಗಳ ಗಮನ ಕೆಡಿಸಬಾರದು ಎಂಬುದೂ ಷರತ್ತುಗಳಲ್ಲಿತ್ತು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು ಕುರಿತು ಕೆಲಸ ಮಾಡಿದರು. ಆಮೇಲೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌.ಡಿ. ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಆಕೆಯನ್ನು ಗುರುತಿಸುತ್ತಾರೆ.

ಬಾಗಿಲು ತೆರೆದರೂ ಒಳಗೆ ಗೋಡೆಯಿತ್ತು. 1940ರಲ್ಲಿ ತಿರುವಾಂಕೂರಿನಿಂದ ಬಂದ ಅನ್ನಾ ಮಾಣಿ ರಾಮನ್ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಳೆದರು. ಗಂಟೆಗಟ್ಟಲೆ ಕತ್ತಲಲ್ಲಿ ಫೋಟೋ ಫಲಕಕ್ಕೆ ಬೆಳಕು ಹಾಯಿಸುತ್ತ ಕೂರುವ ಕೆಲಸ. ಈ ಲ್ಯಾಬಿನ ಹೆಂಗಸರ ಬಗ್ಗೆ ಆಳವಾಗಿ ಬರೆದ ಇತಿಹಾಸಕಾರ್ತಿ ಆಭಾ ಸುರ್ ಅಲ್ಲಿನ ಒಂದು ಕಟ್ಟುಪಾಡನ್ನು ದಾಖಲಿಸಿದ್ದಾರೆ: ಗಂಡಸರು ಹೆಂಗಸರು ಬೆರೆಯುವಂತಿರಲಿಲ್ಲ. ಸಹಪಾಠಿಗಳು ಫಲಿತಾಂಶಗಳ ಮೇಲೆ ವಾದಿಸುತ್ತ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತ ಕಲಿಯುವ ಆ ಹರಟೆಯಿಂದ ಅನ್ನಾ ಮಾಣಿ ಮತ್ತು ಅದೇ ಲ್ಯಾಬಿನ ಸುನಂದಾ ಬಾಯಿ ಹೊರಗೇ ಉಳಿದರು. ಉಪಕರಣ ಇತ್ತು, ಬುದ್ಧಿ ಇತ್ತು, ಪ್ರಬಂಧಗಳೂ ಪ್ರಕಟವಾದವು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅನ್ನಾ ಮಾಣಿಗೆ ಪಿಎಚ್‌.ಡಿ. ಕೊಡಲಿಲ್ಲ. ಇಂಥ ತೊಡಕನ್ನು ಮೊದಲೇ ಎಚ್ಚರಿಸುವುದು ಸಾಮಾನ್ಯವಾಗಿ ಹಿರಿಯ ಸಹಪಾಠಿ. “ಆ ನಿಯಮ ನೋಡಿಕೊಂಡ್ಯಾ?” ಎಂದು ಕ್ಯಾಂಟೀನಿನಲ್ಲಿ ಕೇಳುವವರು. ಆಕೆಗೆ ಆ ಕ್ಯಾಂಟೀನು ಇರಲಿಲ್ಲ ಎಂದೇ ನನಗೆ ಅನಿಸುತ್ತದೆ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರದು ಬೇರೆ ದಾರಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳಿಗೆ ಓದಿನ ಅಭಯ ಮನೆಯಲ್ಲೇ ಇತ್ತು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ, ಸಿ. ವಿ. ರಾಮನ್ ಬಳಿ ಸಂಶೋಧನೆಗೆ ಹೋದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂದು ಅವರು ಸೇರಿಸಿಕೊಳ್ಳಲಿಲ್ಲ. ಆಕೆ ಅದೇ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಹೋದರು. ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು, ಆಮೇಲೆ ಬಾರ್ಬರ್ ವಿದ್ಯಾರ್ಥಿವೇತನದಲ್ಲಿ ಪಿಎಚ್‌.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿ ಅಧ್ಯಾಪಕಿಯಾದರು. ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ 20 ಮಂದಿ ಆಕೆಯ ಬಳಿ ಪಿಎಚ್‌.ಡಿ. ಮಾಡಿದರು. ಬಾರ್ಬರ್ ವಿದ್ಯಾರ್ಥಿವೇತನ ಹುಟ್ಟಿದ್ದೇ ಏಷ್ಯಾದ ಹೆಣ್ಣುಮಕ್ಕಳಿಗಾಗಿ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಅದರಲ್ಲೇ ಹೋದವರು. ಅಲ್ಲಿ ಯಾರ ಪರಿಚಯವೂ ಬೇಕಿರಲಿಲ್ಲ, ನಿಯಮ ಬರೆದಿಟ್ಟಿತ್ತು.

ಒಬ್ಬರ ಒಳ್ಳೆಯತನದ ಮೇಲೆ ನಿಂತ ಬಾಗಿಲು

ಗ್ರ್ಯಾಂಡ್ ಕೆನಾಲ್ ಹಾದುಹೋಗುವ ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್‌ನಲ್ಲಿ 1903ರಲ್ಲಿ ಹುಟ್ಟಿದವರು ಕ್ಯಾಥ್ಲೀನ್ ಲಾನ್ಸ್‌ಡೇಲ್. ಲಂಡನ್ನಿನಲ್ಲಿ ಪದವಿ ಪರೀಕ್ಷೆಯಲ್ಲಿ ಮೊದಲಿಗರಾದಾಗ ಭೌತವಿಜ್ಞಾನಿ ವಿಲಿಯಂ ಹೆನ್ರಿ ಬ್ರ್ಯಾಗ್ ಆಕೆಯನ್ನು ತಮ್ಮ ತಂಡಕ್ಕೆ ಕರೆದರು. 1929ರಲ್ಲಿ ಆಕೆ ಎಕ್ಸ್‌-ಕಿರಣಗಳಿಂದ ಬೆಂಜೀನ್ ಉಂಗುರ ಚಪ್ಪಟೆಯಾಗಿದೆ ಎಂದು ತೋರಿಸಿಕೊಟ್ಟರು. ಮಕ್ಕಳಾದ ಮೇಲೆ ಕೆಲಸ ನಿಂತುಹೋಗುವ ಹೊತ್ತಿಗೆ, ಮನೆಗೆಲಸಕ್ಕೆ ಜನ ಇಟ್ಟುಕೊಳ್ಳಲೆಂದೇ ಬ್ರ್ಯಾಗ್ ರಾಯಲ್ ಇನ್‌ಸ್ಟಿಟ್ಯೂಷನ್‌ನಿಂದ ಹಣ ಕೊಡಿಸಿದರು. ಒಬ್ಬ ವಿಜ್ಞಾನಿಯನ್ನು ಉಳಿಸಿಕೊಳ್ಳಲು ಬೇಕಿದ್ದದ್ದು ಪಾತ್ರೆ ತೊಳೆಯುವ ಎರಡು ಕೈ ಎಂದು ಆ ಕಾಲಕ್ಕೇ ಕಂಡುಕೊಂಡ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

1945ರಲ್ಲಿ ರಾಯಲ್ ಸೊಸೈಟಿ ಮೊದಲ ಬಾರಿಗೆ ಇಬ್ಬರು ಹೆಂಗಸರನ್ನು ಫೆಲೋಗಳಾಗಿ ಆರಿಸಿತು: ಲಾನ್ಸ್‌ಡೇಲ್ ಮತ್ತು ಮಾರ್ಜರಿ ಸ್ಟೀವನ್ಸನ್. ಸ್ಟೀವನ್ಸನ್ ಕೆಲಸ ಮಾಡುತ್ತಿದ್ದದ್ದು ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ನಡೆಸುತ್ತಿದ್ದ ಜೀವರಸಾಯನ ವಿಭಾಗದಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್‌ನಿಂದ ಹೋದ ಕಮಲಾ ಸೊಹೊನಿಗೆ ಜಾಗ ಸಿಕ್ಕಿದ್ದೂ ಅದೇ ವಿಭಾಗದಲ್ಲಿ. ಅಂದರೆ ಇಡೀ ಬ್ರಿಟನ್ನಿನಲ್ಲಿ ಹೆಂಗಸರು ಬೆಳೆದದ್ದು ಎಲ್ಲ ಲ್ಯಾಬುಗಳಲ್ಲಿ ಅಲ್ಲ, ಬ್ರ್ಯಾಗ್ ಮತ್ತು ಹಾಪ್ಕಿನ್ಸ್‌ರಂಥ ಕೆಲವರ ನೆರಳಿನಲ್ಲಿ. ಇದರಲ್ಲಿ ಸಂತೋಷವೂ ಇದೆ, ಭಯವೂ ಇದೆ. ಯಜಮಾನ ಒಳ್ಳೆಯವನಾಗಿದ್ದರೆ ಬಾಗಿಲು ತೆರೆಯಿತು. ಅವನು ನಿವೃತ್ತನಾದರೆ?

ಕಾರ್ಕ್‌ನಿಂದ ಕೋರಮಂಗಲಕ್ಕೆ

ಐರ್ಲೆಂಡಿಗೂ ಕರ್ನಾಟಕಕ್ಕೂ ನಡುವೆ ನೇರವಾಗಿ ಎಳೆದ ಒಂದು ನಂಟು ಇದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ಬಿಯರ್ ತಯಾರಿಕೆಯ ವಿಜ್ಞಾನ ಓದಿದರು. ತಂದೆ ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್. ಆ ಉದ್ಯಮದಲ್ಲಿ ಇದಕ್ಕಿಂತ ದೊಡ್ಡ ಪರಿಚಯ ಯಾರಿಗಿರಲು ಸಾಧ್ಯ? ಆದರೂ ಹೆಣ್ಣಿಗೆ ಬ್ರೂಮಾಸ್ಟರ್ ಕೆಲಸ ಕೊಡಲು ಭಾರತದಲ್ಲಿ ಯಾರೂ ಮುಂದೆ ಬರಲಿಲ್ಲ. ಕಮಲಾ ಸೊಹೊನಿಯವರದ್ದೇ ಪಾಠ ಇಲ್ಲಿ ಮತ್ತೆ: ತಂದೆಯ ಜಾಲ ಮಗನಿಗೆ ಬರುವಷ್ಟು ಸಲೀಸಾಗಿ ಮಗಳಿಗೆ ಬರುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಕೆಲಸ ಹಿಡಿಯುವ ಯೋಚನೆಯಲ್ಲಿದ್ದಾಗ ಆಕೆಗೆ ಲೆಸ್ಲಿ ಆಕಿನ್‌ಕ್ಲಾಸ್ ಪರಿಚಯವಾದರು. ಐರ್ಲೆಂಡಿನ ಕಾರ್ಕ್‌ನಲ್ಲಿ ಬಯೋಕಾನ್ ಬಯೋಕೆಮಿಕಲ್ಸ್ ಎಂಬ ಕಿಣ್ವಗಳ ಕಂಪನಿ ಕಟ್ಟಿದ್ದವರು. ಭಾರತದಲ್ಲಿ ಪಾಲುದಾರರನ್ನು ಹುಡುಕುತ್ತಿದ್ದರು. ಕಾರ್ಕ್‌ನಲ್ಲಿ ಕೆಲಕಾಲ ತರಬೇತಿ ಪಡೆದು ಬಂದ ಕಿರಣ್, 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಇಂಡಿಯಾ ಶುರುಮಾಡಿದರು. ಆಗಿನ ಕಾನೂನಿನಂತೆ ವಿದೇಶಿ ಪಾಲು ಶೇ. 30 ಮೀರುವಂತಿರಲಿಲ್ಲ, ಹಾಗಾಗಿ ಶೇ. 70 ಆಕೆಯದೇ. ಪರಂಗಿಯಿಂದ ತೆಗೆದ ಪಪೇನ್, ಮೀನಿನಿಂದ ತೆಗೆದ ಐಸಿಂಗ್ಲಾಸ್ ಮೊದಲ ಸರಕುಗಳು. ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕಿದವು, ಕೆಲಸಕ್ಕೆ ಬರಲು ಜನ ಹಿಂಜರಿದರು. ಕೊನೆಗೆ ಸಾಲದ ದಾರಿ ತೆರೆದದ್ದೂ ಒಂದು ಸಮಾರಂಭದಲ್ಲಿ ಬ್ಯಾಂಕ್ ಅಧಿಕಾರಿಯೊಬ್ಬರ ಜೊತೆಗಿನ ಆಕಸ್ಮಿಕ ಭೇಟಿಯಿಂದ.

ಗ್ರಾನೊವೆಟರ್ ಹೇಳಿದ ದೂರದ ಪರಿಚಯಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಹತ್ತಿರದವರೆಲ್ಲ ಮುಚ್ಚಿಕೊಂಡ ಬಾಗಿಲನ್ನು ಏಳು ಸಮುದ್ರದಾಚೆಯ ಐರಿಷ್ ಕಂಪನಿಯೊಂದು ತೆರೆಯಿತು. ಇಂದು ಬಯೋಕಾನ್ ಇನ್ಸುಲಿನ್ ತಯಾರಿಸಿ ಹಲವು ದೇಶಗಳಿಗೆ ಕಳಿಸುತ್ತದೆ. ಆ ಒಂದು ಭೇಟಿ ತಪ್ಪಿದ್ದರೆ ಎಂದು ಯೋಚಿಸಿದರೆ, ಹಾಗೆ ತಪ್ಪಿಹೋದ ಭೇಟಿಗಳು ಎಷ್ಟಿರಬಹುದು ಎಂಬ ಪ್ರಶ್ನೆ ಬಿಡದೆ ಕಾಡುತ್ತದೆ.

ಎಣಿಸಿ ನೋಡಿದವರು

1990ರ ದಶಕದಲ್ಲಿ ಸ್ವೀಡನ್‌ನ ಕ್ರಿಸ್ಟೀನ್ ವೆನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಒಂದು ಧೈರ್ಯದ ಕೆಲಸ ಮಾಡಿದರು. ವೈದ್ಯಕೀಯ ಸಂಶೋಧನಾ ಮಂಡಳಿಯ ಫೆಲೋಶಿಪ್ ಸಮಿತಿ ಯಾರಿಗೆ ಎಷ್ಟು ಅಂಕ ಕೊಟ್ಟಿತೆಂಬ ಗುಟ್ಟಿನ ಕಾಗದಗಳನ್ನು ನ್ಯಾಯಾಲಯದ ಮೂಲಕ ಪಡೆದುಕೊಂಡರು. ಅರ್ಜಿ ಹಾಕಿದ 114 ಮಂದಿಯಲ್ಲಿ 52 ಹೆಂಗಸರು. ಫೆಲೋಶಿಪ್ ಸಿಕ್ಕ 20 ಮಂದಿಯಲ್ಲಿ ಹೆಂಗಸರು ನಾಲ್ವರು. ಪ್ರಕಟಣೆಗಳನ್ನು ಲೆಕ್ಕ ಹಾಕಿದಾಗ, ಗಂಡಸಿಗೆ ಸಿಕ್ಕಷ್ಟೇ ಅಂಕ ಪಡೆಯಲು ಹೆಂಗಸು ಸುಮಾರು ಎರಡೂವರೆ ಪಟ್ಟು ಕೆಲಸ ಮಾಡಿರಬೇಕಿತ್ತು. ಇನ್ನೊಂದು ಸಂಗತಿಯೂ ಹೊರಬಂತು: ಸಮಿತಿಯ ಯಾರಾದರೊಬ್ಬರ ಜೊತೆ ಒಡನಾಟವಿದ್ದ ಅರ್ಜಿದಾರರಿಗೆ ಹೆಚ್ಚುವರಿ ಅಂಕ ಸಿಕ್ಕಿತ್ತು, ಮತ್ತು ಆ ಲಾಭದ ತೂಕ ಗಂಡಾಗಿ ಹುಟ್ಟಿದ ಲಾಭದಷ್ಟೇ ಇತ್ತು. ಸಂಬಂಧಪಟ್ಟ ಸದಸ್ಯರು ಅಂಕ ಕೊಡದೆ ಹೊರಗೆ ಕೂತಿದ್ದರೂ ಹೀಗಾಗಿತ್ತು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈ ಬರಹ ವಿಜ್ಞಾನಲೋಕವನ್ನು ಬೆಚ್ಚಿಬೀಳಿಸಿತು.

ಪೇಟೆಂಟಿನಲ್ಲಿ ಅಂತರ ಇನ್ನೂ ದೊಡ್ಡದು. ಅಮೆರಿಕದ 4,227 ಜೀವವಿಜ್ಞಾನಿಗಳನ್ನು ನೋಡಿದ ವೇವರ್ಲಿ ಡಿಂಗ್, ಫಿಯೋನಾ ಮರ್ರಿ, ಟೋಬಿ ಸ್ಟುವರ್ಟ್ 2006ರಲ್ಲಿ ಬರೆದ ಪ್ರಕಾರ, ಹೆಂಗಸರು ಪೇಟೆಂಟ್ ಪಡೆಯುವ ಪ್ರಮಾಣ ಗಂಡಸರ ಸುಮಾರು ಶೇ. 40 ಮಾತ್ರ. ಮಾತನಾಡಿಸಿದಾಗ ಕಾರಣ ಹೊರಬಿತ್ತು: ಕಂಪನಿಗಳಲ್ಲಿ ಪರಿಚಯ ಕಡಿಮೆ, ‘ಇದು ಪೇಟೆಂಟ್ ಆಗುತ್ತಾ?’ ಎಂದು ಫೋನು ಮಾಡಿ ಕೇಳಲು ಜನವಿಲ್ಲ. 2022ರಲ್ಲಿ ‘ನೇಚರ್’ನಲ್ಲೇ ಬಂದ ಮತ್ತೊಂದು ಅಧ್ಯಯನ ಒಂದೇ ತಂಡದೊಳಗಿನ ಸಂಗತಿ ನೋಡಿತು. ಸಂಬಳದ ದಾಖಲೆಯಲ್ಲಿ ಹೆಸರಿರುವ ಹೆಣ್ಣುಮಗಳ ಹೆಸರು ತಂಡದ ಪ್ರಬಂಧದಲ್ಲಿ ಬರುವ ಸಾಧ್ಯತೆ ಗಂಡಸಿಗಿಂತ ಶೇ. 13 ಕಡಿಮೆ, ಪೇಟೆಂಟಿನಲ್ಲಿ ಬರುವ ಸಾಧ್ಯತೆ ಸುಮಾರು ಶೇ. 59 ಕಡಿಮೆ. ಯುರೋಪಿನ ಪೇಟೆಂಟ್ ಕಚೇರಿಯ ಲೆಕ್ಕದಲ್ಲಿ 2019ರ ಆವಿಷ್ಕಾರಕರಲ್ಲಿ ಹೆಂಗಸರು ಶೇ. 13.2.

ನಷ್ಟ ಹೆಂಗಸರದ್ದಷ್ಟೇ ಅಲ್ಲ. 1976ರಿಂದ 2010ರವರೆಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ವೈದ್ಯಕೀಯ ಪೇಟೆಂಟುಗಳನ್ನು ಓದಿದ ರೆಮ್ ಕೋನಿಂಗ್ ಮತ್ತು ಸಂಗಡಿಗರು, ಹೆಂಗಸರೇ ಇರುವ ತಂಡಗಳು ಹೆಣ್ಣಿನ ಆರೋಗ್ಯದ ಮೇಲೆ ಕೆಲಸ ಮಾಡುವ ಸಾಧ್ಯತೆ ಗಂಡಸರ ತಂಡಗಳಿಗಿಂತ ಶೇ. 35 ಹೆಚ್ಚು ಎಂದು ಕಂಡುಕೊಂಡರು. ಆವಿಷ್ಕಾರದ ಕೋಣೆಯಲ್ಲಿ ಇಲ್ಲದವರ ಕಾಯಿಲೆಗೆ ಮದ್ದು ಹುಡುಕುವವರೂ ಕಡಿಮೆ. 66 ಲಕ್ಷ ವೈದ್ಯಕೀಯ ಪ್ರಬಂಧಗಳನ್ನು ನೋಡಿದ 2022ರ ಒಂದು ಅಧ್ಯಯನದ ಪ್ರಕಾರ, ಗಂಡು ಹೆಣ್ಣು ಬೆರೆತ ತಂಡಗಳ ಬರಹ ಹೆಚ್ಚು ಹೊಸತನದ್ದು, ಹೆಚ್ಚು ಉಲ್ಲೇಖಗೊಳ್ಳುವಂಥದ್ದು.

ಹಾಗಾದರೆ ಹೆಂಗಸರಿಗೆ ಕೊಡುವ ‘ಗಂಡಸರಂತೆಯೇ ಎಲ್ಲರನ್ನೂ ಪರಿಚಯ ಮಾಡಿಕೊಳ್ಳಿ’ ಎಂಬ ಉಪದೇಶ ಎಷ್ಟರಮಟ್ಟಿಗೆ ಸರಿ? ಯಾಂಗ್ ಯಾಂಗ್, ನಿತೇಶ್ ಚಾವ್ಲಾ, ಬ್ರಯಾನ್ ಉಜ್ಜಿ 2019ರಲ್ಲಿ ಎಂ.ಬಿ.ಎ. ವಿದ್ಯಾರ್ಥಿಗಳ ಒಡನಾಟ ನೋಡಿದಾಗ, ಗಂಡಸರಿಗೆ ಜಾಲದ ನಡುವೆ ಇರುವುದಷ್ಟೇ ಸಾಕಾಗಿತ್ತು. ಎತ್ತರದ ಹುದ್ದೆ ಪಡೆದ ಹೆಂಗಸರಿಗೆ ಅದರ ಜೊತೆಗೆ ನಾಲ್ಕಾರು ಹೆಂಗಸರ ಒಂದು ಆಪ್ತ ವಲಯವೂ ಇತ್ತು, ಆ ಗೆಳತಿಯರ ಪರಿಚಯಗಳು ಬೇರೆ ಬೇರೆ ಕಡೆ ಹರಡಿದ್ದವು. ಯಾವ ಕಂಪನಿಯಲ್ಲಿ ಹೆಂಗಸರನ್ನು ಹೇಗೆ ನೋಡುತ್ತಾರೆ, ಯಾವ ಮೇಲಧಿಕಾರಿಯ ಬಳಿ ಎಚ್ಚರವಾಗಿರಬೇಕು ಎಂಬ ಮಾಹಿತಿ ಜಗಲಿಯಲ್ಲಿ ಸಿಗುವುದಿಲ್ಲ, ಹಿತ್ತಲಲ್ಲೇ ಸಿಗಬೇಕು.

ವೀಸಾ ಚೀಟಿಯ ಮೇಲಿನ ಜಾಲ

ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಕೆಲಸ ಮಾಡುವ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಕಡೆ ಗಂಡ ಮೊದಲು ಬರುತ್ತಾನೆ, ಹೆಂಡತಿ ಆಮೇಲೆ. ಆಕೆಯೂ ಎಂಜಿನಿಯರ್ ಅಥವಾ ಎಂ.ಎಸ್ಸಿ. 2019ರ ಮಾರ್ಚ್‌ವರೆಗೆ ಹೀಗೆ ಬಂದ ಸಂಗಾತಿ ದುಡಿಯಬೇಕೆಂದರೆ ಕೆಲಸ ಕೊಡುವವರನ್ನು ಮೊದಲೇ ಹುಡುಕಿ ಬೇರೆ ಪರವಾನಗಿ ಪಡೆಯಬೇಕಿತ್ತು. ಅದು ಬದಲಾಗಿ, ‘ಕ್ರಿಟಿಕಲ್ ಸ್ಕಿಲ್ಸ್’ ಎಂಬ ನುರಿತ ಕೆಲಸಗಾರರ ಪರವಾನಗಿ ಪಡೆದವರ ಸಂಗಾತಿಗಳು ನೇರವಾಗಿ ಕೆಲಸಕ್ಕೆ ಸೇರಬಹುದಾಯಿತು. ಕಾಗದದ ಗೋಡೆ ಬಿತ್ತು, ಪರಿಚಯದ ಗೋಡೆ ಉಳಿಯಿತು. ಮೈಸೂರಿನಲ್ಲೋ ಧಾರವಾಡದಲ್ಲೋ ಆಕೆಯ ಗೈಡು, ಸೀನಿಯರು, ಲ್ಯಾಬಿನ ಗೆಳತಿ ಎಲ್ಲರೂ ಇದ್ದರು. ಇಲ್ಲಿ ಮೊದಲ ವರ್ಷ ಆಕೆಗೆ ಪರಿಚಯವಾಗುವುದು ಗಂಡನ ಸಹೋದ್ಯೋಗಿಗಳ ಹೆಂಡತಿಯರು, ರಾಜ್ಯೋತ್ಸವದ ದಿನ ಪುಳಿಯೋಗರೆ ಬಡಿಸುವಾಗ ಪಕ್ಕ ನಿಂತವರು. ಆ ಸಾಲಿನಲ್ಲೇ ಜೀವರಸಾಯನ ಓದಿದವರೂ ಅಂಕಿಅಂಶ ಓದಿದವರೂ ಇರುತ್ತಾರೆ. ಅಡುಗೆ ಮಕ್ಕಳ ಮಾತಿನ ನಡುವೆ ಯಾರಾದರೂ ಒಬ್ಬರು “ನೀವೇನು ಓದಿದ್ದು?” ಎಂದು ಕೇಳಿದರೆ ಸಾಕು, ಎಷ್ಟೋ ಸಲ ಅಲ್ಲೇ ಒಂದು ಅರ್ಜಿ ಹುಟ್ಟುತ್ತದೆ.

ಬರೆದಿಟ್ಟ ನಿಯಮಗಳು

ಐರ್ಲೆಂಡ್ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಈ ಬಾಗಿಲನ್ನು ವ್ಯಕ್ತಿಗಳ ಒಳ್ಳೆಯತನದಿಂದ ಬಿಡಿಸಿ ನಿಯಮದ ಮೇಲೆ ನಿಲ್ಲಿಸಲು ಯತ್ನಿಸಿದೆ. 1990ರಲ್ಲಿ ವಿಜ್ಞಾನ ಬರಹಗಾರ್ತಿ ಮೇರಿ ಮಲ್ವಿಹಿಲ್ ಮತ್ತು ಸಂಗಡಿಗರು ‘ವಿಟ್ಸ್’ ಎಂಬ ವಿಜ್ಞಾನ ತಂತ್ರಜ್ಞಾನ ಮಹಿಳೆಯರ ಸಂಘ ಕಟ್ಟಿದರು. 2015ರಲ್ಲಿ ಬ್ರಿಟನ್ನಿನ ಅಥೀನಾ ಸ್ವಾನ್ ಯೋಜನೆ ಐರ್ಲೆಂಡಿಗೆ ಬಂತು. ಅದರ ಪ್ರಮಾಣಪತ್ರ ಬೇಕಾದರೆ ವಿಭಾಗಗಳು ತಮ್ಮಲ್ಲಿ ಯಾರು ನೇಮಕವಾಗುತ್ತಾರೆ, ಯಾರು ಬಿಟ್ಟುಹೋಗುತ್ತಾರೆ ಎಂದು ತಾವೇ ಎಣಿಸಿ, ತಿದ್ದುವ ಯೋಜನೆ ಬರೆದುಕೊಡಬೇಕು. ಮರುವರ್ಷ ದೇಶದ ಮುಖ್ಯ ಸಂಶೋಧನಾ ನಿಧಿಗಳು ಹಣಕ್ಕೂ ಈ ಪ್ರಮಾಣಪತ್ರಕ್ಕೂ ಗಂಟು ಹಾಕಿದವು. ಆಗ ಮಾತು ಕೇಳಿಸಿತು. 2019ರಲ್ಲಿ ಸರ್ಕಾರ ಹೆಂಗಸರಿಗೆಂದೇ 45 ಹಿರಿಯ ಪ್ರಾಧ್ಯಾಪಕ ಹುದ್ದೆಗಳ ಯೋಜನೆಗೆ ಚಾಲನೆ ಕೊಟ್ಟಿತು. 1592ರಲ್ಲಿ ಹುಟ್ಟಿದ ಟ್ರಿನಿಟಿಗೆ 2021ರಲ್ಲಿ ಮೊದಲ ಮಹಿಳಾ ಪ್ರೊವೋಸ್ಟ್, ಅಂದರೆ ಮುಖ್ಯಸ್ಥೆ, ಬಂದರು: ಎಂಜಿನಿಯರ್ ಲಿಂಡಾ ಡಾಯ್ಲ್. ಆ ಹುದ್ದೆಯ ಚುನಾವಣೆಯಲ್ಲಿ ನಿಂತ ಮೂವರೂ ಹೆಂಗಸರು.

ಅಥೀನಾ ಸ್ವಾನ್ ಮಾದರಿಯಲ್ಲೇ ಭಾರತದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2020ರಲ್ಲಿ ‘ಗತಿ’ ಯೋಜನೆ ಶುರುಮಾಡಿತು. ಅದೇ ವರ್ಷ ಹುಟ್ಟಿದ ‘ಬಯಾಸ್‌ವಾಚ್‌ಇಂಡಿಯಾ’ ನಮ್ಮ ಸಮ್ಮೇಳನಗಳ ವೇದಿಕೆಯಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಎಣಿಸಿ ಪ್ರಕಟಿಸುತ್ತದೆ. ಇಂಥ ಬಾಗಿಲುಗಳಿಗೆ ಸ್ವಂತ ಹಣ ಕೊಟ್ಟವರೂ ಇದ್ದಾರೆ. ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದ ಜೋಸೆಲಿನ್ ಬೆಲ್ ಬರ್ನೆಲ್ 1967ರಲ್ಲಿ ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರವನ್ನು ಕಂಡುಹಿಡಿದರು, 1974ರ ನೊಬೆಲ್ ಮಾತ್ರ ಆಕೆಯ ಗೈಡಿಗೆ ಹೋಯಿತು. 2018ರಲ್ಲಿ ಬಂದ 30 ಲಕ್ಷ ಡಾಲರ್ ಬಹುಮಾನವನ್ನು ಆಕೆ ಪೂರ್ತಿಯಾಗಿ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ಗೆ ಕೊಟ್ಟು, ಭೌತಶಾಸ್ತ್ರದಲ್ಲಿ ಕಡಿಮೆ ಕಾಣಿಸುವ ಸಮುದಾಯಗಳ ವಿದ್ಯಾರ್ಥಿಗಳಿಗೆ ವೇತನ ಮಾಡಿಸಿದರು.

ಇಷ್ಟು ದೊಡ್ಡ ಹೆಸರುಗಳ ನಡುವೆ ನನಗೆ ಮುಖ್ಯವಾಗಿ ಕಾಣುವ ಬದಲಾವಣೆ ಒಂದು ಸಣ್ಣದು. ಅಥೀನಾ ಸ್ವಾನ್ ಪ್ರಮಾಣಪತ್ರಕ್ಕೆ ಪ್ರಯತ್ನಿಸುವ ವಿಭಾಗಗಳು ಮುಖ್ಯ ಸಭೆ, ಸೆಮಿನಾರುಗಳನ್ನು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡಿವೆ. ಮಾತು ಮುಗಿದ ಮೇಲಿನ ಟೀಗೆ, ಆ ಟೀಯಲ್ಲಿ ಹುಟ್ಟುವ ಪರಿಚಯಕ್ಕೆ, ಕ್ರೆಶ್‌ನಿಂದ ಮಗುವನ್ನು ಕರೆತರಬೇಕಾದವರೂ ನಿಲ್ಲಬಹುದು.